ಕರಿಕೋಟು ಬೇಕೋ, ಕೇಸ್ ಶೀಟು ಸಾಕೋ: ವೈದ್ಯಕೀಯ ಕಾನೂನು ಓದಲು ಹೊರಟವರಿಗೆ

ಆಪರೇಷನ್‌ಗೆ ಮುನ್ನ ರೋಗಿಯ ಕಡೆಯವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಿ ನೋಡಿ. ಬಹಳ ಕಡೆ ಅದು ಒಂದೇ ಹಾಳೆ. ಮೇಲೆ ರೋಗಿಯ ಹೆಸರು, ವಯಸ್ಸು, ಒಳರೋಗಿಯ ಐಪಿ ನಂಬರು. ನಡುವೆ ಅಚ್ಚು ಹಾಕಿದ ಮೂರು ನಾಲ್ಕು ಸಾಲು, ಅದರ ಕೊನೆಗೆ "ಮುಂದೆ ಏನೇ ಆದರೂ ವೈದ್ಯರಾಗಲಿ ಆಸ್ಪತ್ರೆಯಾಗಲಿ ಹೊಣೆಯಲ್ಲ" ಎಂಬ ಮಾತು. ಆಪರೇಷನ್ನಿನ ಹೆಸರು ಬರೆಯುವ ಜಾಗ ಖಾಲಿ, ಇಲ್ಲವೆ ಇಂಗ್ಲಿಷಿನಲ್ಲಿ ಗೀಚಿದ ಒಂದು ಪದ. ಕೆಳಗೆ ಗಂಡನದೋ ಅಣ್ಣನದೋ ಸಹಿ. ರೋಗಿ ಎಚ್ಚರವಾಗಿದ್ದರೂ, ವಯಸ್ಕರಾಗಿದ್ದರೂ ಅವರ ಸಹಿ ಇಲ್ಲ. ಸಹಿ ಹಾಕಿದ ಹೊತ್ತು ಇಲ್ಲ, ವಿವರಿಸಿ ಹೇಳಿದ ವೈದ್ಯರ ಹೆಸರೂ ಇಲ್ಲ.

ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರ ಎಂಬ ಹೆಸರಿನಲ್ಲಿ ಕಲಿಸುವುದರ ಬಹುಪಾಲು ಈ ಹಾಳೆಯಲ್ಲೇ ಅಡಗಿದೆ. ಆದರೆ ನೀವು ಯಾವ ಕೋರ್ಸಿಗೆ ಸೇರಿದ್ದೀರಿ ಎಂಬುದರ ಮೇಲೆ ಅದರಲ್ಲಿ ನಿಮ್ಮ ಕಣ್ಣಿಗೆ ಬೀಳುವ ತಪ್ಪು ಬೇರೆಯಾಗುತ್ತದೆ. ಎಲ್‌ಎಲ್‌ಬಿ ಓದಿದವರು "ಹೊಣೆಯಲ್ಲ" ಎಂಬ ಸಾಲನ್ನು ಹಿಡಿಯುತ್ತಾರೆ: ನಿರ್ಲಕ್ಷ್ಯ ಸಾಬೀತಾದರೆ ಆ ಸಾಲು ಯಾರನ್ನೂ ಕಾಯುವುದಿಲ್ಲ. ಡಿಪ್ಲೊಮಾ ಮಾಡಿದ ಆಸ್ಪತ್ರೆಯವರು ನಮೂನೆಯನ್ನೇ ಹೊಸದಾಗಿ ಬರೆಯಲು ಕೂರುತ್ತಾರೆ. ಫೊರೆನ್ಸಿಕ್, ಅಂದರೆ ವಿಧಿವಿಜ್ಞಾನ ವೈದ್ಯಶಾಸ್ತ್ರ, ಓದಿದ ವೈದ್ಯರು ಹೊತ್ತು, ಸಹಿ, ಕೇಸ್ ಶೀಟಿನ ಟಿಪ್ಪಣಿ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. ನೀತಿಶಾಸ್ತ್ರದವರು ಕೇಳುವುದು ಬೇರೆಯೇ ಪ್ರಶ್ನೆ: ಆ ಹೆಣ್ಣುಮಗಳಿಗೆ ಏನು ಮಾಡಲಿದ್ದಾರೆಂದು ಅವಳ ಮಾತಿನಲ್ಲಿ ಯಾರಾದರೂ ಹೇಳಿದರೇ?

2008ರ ಸಮೀರಾ ಕೊಹ್ಲಿ ಪ್ರಕರಣ ಈ ಹಾಳೆಗೆ ಸರಿಯಾದ ಕನ್ನಡಿ. ರೋಗಿ ಒಪ್ಪಿದ್ದು ಲ್ಯಾಪರೊಸ್ಕೋಪಿ ತಪಾಸಣೆಗೆ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದಕ್ಕೆ. ಅರಿವಳಿಕೆಯಲ್ಲಿ ಇರುವಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆಯಾಗದು, ಜೀವಕ್ಕೆ ಅಪಾಯವಿಲ್ಲದಿರುವಾಗ ವಯಸ್ಕ ರೋಗಿ ಎಚ್ಚರವಾಗುವ ತನಕ ಕಾಯಬೇಕಿತ್ತು, ತಾಯಿಯ ಮಾತು ಸಾಲದು ಎಂದಿತು ಸುಪ್ರೀಂ ಕೋರ್ಟ್. ಈ ಒಂದು ತೀರ್ಪನ್ನು ಯಾವ ಕೋರ್ಸ್ ಹೇಗೆ ಕಲಿಸುತ್ತದೆ ಎಂದು ವಿಚಾರಿಸಿದರೆ ಆ ಕೋರ್ಸಿನ ಸತ್ವ ಗೊತ್ತಾಗುತ್ತದೆ.

ಹಾಗಾಗಿ ಕೋರ್ಸಿನ ಹೆಸರನ್ನು ಆಮೇಲೆ ನೋಡೋಣ. ಓದು ಮುಗಿದ ಮರುದಿನ ನಿಮ್ಮ ಮೇಜಿನ ಮೇಲೆ ಯಾವ ಕಾಗದ ಬಂದು ಬೀಳಬೇಕು? ಗ್ರಾಹಕರ ಆಯೋಗದ ನೋಟಿಸೋ, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಆಸ್ಪತ್ರೆ ಬರೆದಿಡುವ ಎಂಎಲ್‌ಸಿ ರಿಜಿಸ್ಟರೋ, ಆಸ್ಪತ್ರೆಯ ದಾಖಲೆ ಕೋಣೆಯ ಅರ್ಜಿಯೋ, ಸಂಶೋಧನೆಯ ಪ್ರಸ್ತಾವವೋ? ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ತೀರ್ಮಾನವಾದ ಹಾಗೆ.

ಎಲ್‌ಎಲ್‌ಬಿ: ಉದ್ದದ ದಾರಿ, ಗಟ್ಟಿ ದಾರಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ನಮ್ಮ ಭಾಗದವರಿಗೆ ಕಾನೂನು ಓದುವುದು ದೂರದ ಮಾತಲ್ಲ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಹುಬ್ಬಳ್ಳಿಯ ನವನಗರದಲ್ಲೇ ಇದೆ. ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಹಳೆಯ ಕಾನೂನು ಕಾಲೇಜುಗಳಿವೆ. ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆಯಿತು.

ಪಿಯುಸಿ ಮುಗಿಸಿದವರಿಗೆ 5 ವರ್ಷದ ಕೋರ್ಸು, ಪದವಿ ಇದ್ದವರಿಗೆ 3 ವರ್ಷದ್ದು. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಜಿಎನ್‌ಎಂ ಮಾಡಿದ ನರ್ಸ್‌ಗಳು. ಜಿಎನ್‌ಎಂ ಡಿಪ್ಲೊಮಾ, ಪದವಿಯಲ್ಲ. ಹಾಗಾಗಿ 3 ವರ್ಷದ ಎಲ್‌ಎಲ್‌ಬಿಗೆ ಅದು ಸಾಲದು. ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮುಗಿಸಿದ್ದರೆ ಬಾಗಿಲು ತೆರೆಯುತ್ತದೆ. ಎರಡು, ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರು. ಅಂಥವರಿಗೆ ನಿಯಮದಲ್ಲಿ ಪ್ರವೇಶವಿಲ್ಲ. ಕಾಲೇಜಿನಲ್ಲಿ ಹೇಗೋ ಸೀಟು ಸಿಕ್ಕರೂ ವಕೀಲರಾಗಿ ನೋಂದಾಯಿಸುವಾಗ ಸಿಕ್ಕಿಬೀಳುತ್ತೀರಿ.

ಎಲ್‌ಎಲ್‌ಬಿಯನ್ನು ಅಂಚೆ ಮೂಲಕವೋ ಆನ್‌ಲೈನಿನಲ್ಲೋ ಮಾಡಲು ಬರುವುದಿಲ್ಲ. ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಬೇಕು, ತಕ್ಕ ಕಾರಣವಿದ್ದರೆ ಶೇ. 65ರ ತನಕ ಸಡಿಲಿಕೆ ಸಿಗಬಹುದು. 2024ರ ಸೆಪ್ಟೆಂಬರಿನಲ್ಲಿ ವಕೀಲರ ಪರಿಷತ್ತು ಬೆರಳಚ್ಚು ಹಾಜರಾತಿ, ತರಗತಿಯಲ್ಲಿ ಕ್ಯಾಮೆರಾ, ಓದುತ್ತ ನೌಕರಿ ಮಾಡುತ್ತಿದ್ದರೆ ಅದರ ಘೋಷಣೆ ಮತ್ತು ನಿರಾಕ್ಷೇಪಣಾ ಪತ್ರ ಬೇಕೆಂದು ಸುತ್ತೋಲೆ ಕಳಿಸಿತು. ಆಸ್ಪತ್ರೆಯಲ್ಲಿ ಪಾಳಿ ಮೇಲೆ ದುಡಿಯುವವರಿಗೆ ಇದೇ ದೊಡ್ಡ ತೊಡಕು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್ ಬಂದು ತರಗತಿಯಲ್ಲಿ ಕೂರುತ್ತೇನೆ ಎಂಬ ಲೆಕ್ಕ ಮೊದಲ ಸೆಮಿಸ್ಟರಿನಲ್ಲಿ ನಡೆದೀತು, ಮೂರನೆಯದರಲ್ಲಿ ಕುಸಿಯುತ್ತದೆ. ನೌಕರಿ ಬಿಡಲಾಗದವರು ನಿಮ್ಮೂರಿನ ಕಾಲೇಜನ್ನೇ ನೋಡಿ, ಪಾಳಿಯ ಪಟ್ಟಿಯನ್ನೂ ತರಗತಿಯ ವೇಳಾಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ಹಾಕಿ, ಆಮೇಲೆ ಅರ್ಜಿ ತುಂಬಿ. ಹುಬ್ಬಳ್ಳಿ ಧಾರವಾಡದ ನಡುವೆ ಇರುವವರಿಗೆ ಚಿಗರಿ ಬಸ್ಸಿನಿಂದ ಈ ಕಷ್ಟ ಅರ್ಧ ಕಡಿಮೆ. ಕಿಮ್ಸ್ ಆಸ್ಪತ್ರೆ, ಕಾನೂನು ವಿಶ್ವವಿದ್ಯಾಲಯದ ನವನಗರ, ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಸತ್ತೂರು ಮೂರೂ ಅದೇ ದಾರಿಯಲ್ಲಿವೆ.

ಎಲ್‌ಎಲ್‌ಬಿಯಲ್ಲಿ ವೈದ್ಯಕೀಯ ಕಾನೂನು ಎಷ್ಟು ಸಿಗುತ್ತದೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಕಡಿಮೆ, ಮತ್ತು ಅದೂ ಚೆಲ್ಲಾಪಿಲ್ಲಿ. ಅಪಕೃತ್ಯ ಕಾನೂನಿನ, ಅಂದರೆ ಪರರಿಗಾದ ಹಾನಿಗೆ ಪರಿಹಾರ ಕೊಡಿಸುವ ಟಾರ್ಟ್ಸ್ ಕಾನೂನಿನ, ಪತ್ರಿಕೆಯಲ್ಲಿ ನಿರ್ಲಕ್ಷ್ಯ, ಗ್ರಾಹಕರ ರಕ್ಷಣೆ, ಮೋಟಾರು ವಾಹನ ಅಪಘಾತ ಬರುತ್ತವೆ. ಕ್ರಿಮಿನಲ್ ಕಾನೂನಿನಲ್ಲಿ ಅಜಾಗರೂಕತೆಯ ಸಾವು, ಸಾಕ್ಷ್ಯ ಕಾನೂನಿನಲ್ಲಿ ತಜ್ಞರ ಅಭಿಪ್ರಾಯ ಮತ್ತು ಮರಣಕಾಲದ ಹೇಳಿಕೆ, ಸಂವಿಧಾನದಲ್ಲಿ 21ನೇ ವಿಧಿಯಡಿ ಆರೋಗ್ಯದ ಹಕ್ಕು. ಕೇಸ್ ಶೀಟನ್ನು ಹೇಗೆ ಓದಬೇಕು, ಅರಿವಳಿಕೆ ಚಾರ್ಟಿನಲ್ಲಿ ಏನು ಹುಡುಕಬೇಕು ಎಂದು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ಆ ಕೊರತೆಯನ್ನು ನೀವೇ ತುಂಬಬೇಕು. ಅದಕ್ಕೆ ಇರುವ ಒಳ್ಳೆಯ ಸಾಧನ ಇಂಟರ್ನ್‌ಶಿಪ್. 3 ವರ್ಷದವರಿಗೆ ಒಟ್ಟು 12 ವಾರ, 5 ವರ್ಷದವರಿಗೆ 20 ವಾರ ಕಡ್ಡಾಯ. ಅದರಲ್ಲಿ ನಾಲ್ಕು ವಾರವಾದರೂ ಗ್ರಾಹಕರ ಆಯೋಗದಲ್ಲಿ ವೈದ್ಯಕೀಯ ಪ್ರಕರಣ ನಡೆಸುವ ವಕೀಲರ ಬಳಿ, ಇನ್ನು ನಾಲ್ಕು ವಾರ ಅಪಘಾತ ಪರಿಹಾರದ ಪ್ರಕರಣ ನಡೆಸುವವರ ಬಳಿ ಕಳೆಯಿರಿ.

ಅಪಘಾತದ ಪ್ರಕರಣವೂ ವೈದ್ಯಕೀಯ ಕಾನೂನೇ ಎಂಬುದನ್ನು ಹಲವರು ಮರೆಯುತ್ತಾರೆ. ಹಾವೇರಿ, ಹುಬ್ಬಳ್ಳಿ, ಧಾರವಾಡ ಮೂರೂ 48ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಅಂಗವೈಕಲ್ಯದ ಶೇಕಡಾ ಲೆಕ್ಕ, ಇವೇ ಇಲ್ಲಿಯ ವಕೀಲರ ನಿತ್ಯದ ಸಾಮಗ್ರಿ. ಎಡಗೈ ಕಳೆದುಕೊಂಡ ಗೌಂಡಿಗೆ ವೈದ್ಯರು ಶೇ. 60 ಅಂಗವೈಕಲ್ಯ ಎಂದು ಬರೆದುಕೊಟ್ಟರು ಎನ್ನಿ. ದುಡಿಮೆಯ ನಷ್ಟವೂ ಶೇ. 60 ಎಂದು ಅರ್ಜಿ ತುಂಬಿದರೆ ಆ ಮನುಷ್ಯನಿಗೆ ಅನ್ಯಾಯ ಮಾಡಿದಂತೆ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ: ಕೈ ಹೋದರೆ ಚಾಲಕನಿಗೋ ಬಡಗಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಿಗೆ ನೌಕರಿಯೇ ಹೋಗದಿರಬಹುದು. ವೈದ್ಯರು ಹೇಳುವುದು ದೇಹದ ಲೆಕ್ಕ, ದುಡಿಮೆಯ ಲೆಕ್ಕ ಮಾಡುವುದು ನ್ಯಾಯಮಂಡಳಿಯ ಕೆಲಸ. ವೈದ್ಯಕೀಯ ಭಾಷೆ, ಕಾನೂನಿನ ಭಾಷೆ ಎರಡೂ ಗೊತ್ತಿದ್ದವರು ಬೇಕಾಗುವುದು ಇಂಥಲ್ಲಿ.

ಗ್ರಾಹಕರ ಆಯೋಗದ ವಿಷಯದಲ್ಲಿ ಇನ್ನೊಂದು ಮಾತು. 1995ರ ವಿ.ಪಿ. ಶಾಂತಾ ತೀರ್ಪಿನಿಂದ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬಂತು. 2019ರ ಹೊಸ ಕಾಯ್ದೆಯಲ್ಲಿ ಯಾವ ಆಯೋಗಕ್ಕೆ ಹೋಗಬೇಕೆಂಬುದು ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ ನಿಂತಿದೆ. 50 ಲಕ್ಷದ ತನಕ ಜಿಲ್ಲಾ ಆಯೋಗ. ಆಸ್ಪತ್ರೆಗೆ 50 ಲಕ್ಷ ಕಟ್ಟುವವರು ಎಷ್ಟು ಮಂದಿ? ಹಾಗಾಗಿ ಕೋಟಿ ರೂಪಾಯಿ ಪರಿಹಾರ ಕೇಳುವ ದೂರು ಕೂಡ ಇಂದು ಗದಗ, ಹಾವೇರಿ, ಧಾರವಾಡದ ಜಿಲ್ಲಾ ಆಯೋಗಗಳಲ್ಲೇ ಶುರುವಾಗುತ್ತದೆ. ದೂರಿಗೆ 2 ವರ್ಷದ ಗಡುವು. ಈ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ ನೆಲೆಸಬೇಕಾದ ಕಾಲ ಹೋಯಿತು.

ಓದು ಮುಗಿದ ಮೇಲೆ ನೋಂದಣಿ, ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ವೈದ್ಯರು ಇಲ್ಲಿ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಸ್ಟೆತಸ್ಕೋಪನ್ನೂ ಕರಿಕೋಟನ್ನೂ ಒಟ್ಟಿಗೆ ಧರಿಸಲು ಬರುವುದಿಲ್ಲ. ವೈದ್ಯ ವೃತ್ತಿ ನಡೆಸುತ್ತಲೇ ವಕೀಲರಾಗಿ ನೋಂದಾಯಿಸಿಕೊಳ್ಳಲು ಬಯಸಿದ ವೈದ್ಯರೊಬ್ಬರ ಮನವಿಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಹನಿರಾಜ್ ಚುಲಾನಿ ಪ್ರಕರಣದಲ್ಲಿ ತಳ್ಳಿಹಾಕಿತು. ಎರಡೂ ಪೂರ್ಣ ಗಮನ ಬೇಡುವ ವೃತ್ತಿಗಳು ಎಂಬುದು ಅಲ್ಲಿಯ ತರ್ಕ. ಎಲ್‌ಎಲ್‌ಬಿ ಓದಲು ಅಡ್ಡಿಯಿಲ್ಲ, ಆ ತಿಳಿವಳಿಕೆಯನ್ನು ಆಸ್ಪತ್ರೆಯ ಕೆಲಸಕ್ಕೆ ಬಳಸಲೂ ಅಡ್ಡಿಯಿಲ್ಲ. ಆದರೆ ದವಾಖಾನೆ ನಡೆಸುತ್ತ ವಾದ ಮಾಡುತ್ತೇನೆ ಎಂಬ ಕನಸಿನ ಮೇಲೆ 3 ವರ್ಷ ಸುರಿಯಬೇಡಿ.

ಒಂದು ವರ್ಷದ ಡಿಪ್ಲೊಮಾ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಅಂದರೆ ಎನ್‌ಎಲ್‌ಎಸ್‌ಐಯು, ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರದಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಯಾವುದೇ ಪದವಿ ಇದ್ದವರು ಸೇರಬಹುದು, ಎಲ್‌ಎಲ್‌ಬಿ ಬೇಕಿಲ್ಲ, ಊರು ಬಿಡಬೇಕಿಲ್ಲ. ವೈದ್ಯರು, ಬಿಎಸ್ಸಿ ನರ್ಸಿಂಗ್ ಮಾಡಿದವರು, ಆಸ್ಪತ್ರೆಯ ಆಡಳಿತಾಧಿಕಾರಿಗಳು, ವಿಮಾ ಕಂಪನಿಯವರು, ಈಗಾಗಲೇ ವಕೀಲಿಕೆಯಲ್ಲಿ ಇರುವವರು, ಎಲ್ಲರಿಗೂ ಹೊಂದುವ ಕೋರ್ಸಿದು.

ಎಲ್‌ಎಲ್‌ಬಿಯಲ್ಲಿ ಹತ್ತು ಕಡೆ ಹರಡಿದ್ದು ಇಲ್ಲಿ ಒಂದೆಡೆ ಸಿಗುವುದೇ ಇದರ ಲಾಭ. ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಈ ಡಿಪ್ಲೊಮಾ ಹಿಡಿದು ನ್ಯಾಯಾಲಯದಲ್ಲಿ ವಕೀಲರಾಗಿ ನಿಲ್ಲಲಾಗದು. ವೈದ್ಯರಲ್ಲದವರು ವೈದ್ಯಕೀಯ ತಜ್ಞರೂ ಆಗುವುದಿಲ್ಲ. ಇದು ಇರುವ ಕೆಲಸವನ್ನು ಹರಿತ ಮಾಡುವ ಓದು, ಹೊಸ ಕೆಲಸ ಕೊಡಿಸುವ ಓದಲ್ಲ. ಕೆಲಸವೇ ಇಲ್ಲದವರು ಮೊದಲು ಇದಕ್ಕೆ ಹಣ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಭಾಷೆಯ ಮಾತನ್ನೂ ಆಡಬೇಕು. ನಮ್ಮ ಕಾನೂನು ವಿಶ್ವವಿದ್ಯಾಲಯದ 3 ವರ್ಷದ ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಡಿಪ್ಲೊಮಾ ಪೂರ್ತಿ ಇಂಗ್ಲಿಷು. ಕನ್ನಡ ಮಾಧ್ಯಮದವರು ಇದರಿಂದ ಹಿಂಜರಿಯಬೇಕಿಲ್ಲ, ಆದರೆ ತಯಾರಿ ಬೇಕು. ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಆಯ್ದ ತೀರ್ಪುಗಳ ಕನ್ನಡ ಅನುವಾದ ಉಚಿತವಾಗಿ ಸಿಗುತ್ತದೆ. ಸೇರುವ ಮುನ್ನ ಎರಡು ತಿಂಗಳು ವಾರಕ್ಕೊಂದು ತೀರ್ಪನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿ. ಎಂಟು ತೀರ್ಪು ಮುಗಿಯುವ ಹೊತ್ತಿಗೆ ಕಾನೂನಿನ ಇಂಗ್ಲಿಷು ಕೈಗೆ ಹತ್ತಿರುತ್ತದೆ.

ಪ್ರಮಾಣಪತ್ರದ ಮೇಲೆ ವಿಶ್ವವಿದ್ಯಾಲಯದ ಹೆಸರಿದೆಯೇ, ಖಾಸಗಿ ಸಂಸ್ಥೆಯ ಹೆಸರು ಮಾತ್ರವೇ ಎಂದು ನೋಡಿ. ಮೂರು ವಾರಾಂತ್ಯದಲ್ಲಿ ಮೆಡಿಕೋ ಲೀಗಲ್ ತಜ್ಞರನ್ನಾಗಿ ಮಾಡುತ್ತೇವೆ ಎಂಬ ಜಾಹೀರಾತುಗಳು ಬಹಳ. ಅಲ್ಲಿ ನಾಲ್ಕು ಒಳ್ಳೆಯ ಮಾತು ಸಿಗಬಹುದು, ಆದರೆ ಅದನ್ನು ಸ್ನಾತಕೋತ್ತರ ಡಿಪ್ಲೊಮಾ ಎಂದು ಅರ್ಜಿಯಲ್ಲಿ ತುಂಬಲು ಬರುವುದಿಲ್ಲ.

ವೈದ್ಯಕೀಯ ಕಾಲೇಜಿನ ಒಳಗಿನಿಂದ

ಹುಬ್ಬಳ್ಳಿಯಲ್ಲಿ 1957ರಲ್ಲಿ ಶುರುವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಕಾಲೇಜು, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್, ಹಾವೇರಿಯ ಹೊಸ ವೈದ್ಯಕೀಯ ಕಾಲೇಜು, ಎಲ್ಲ ಕಡೆ ಎಂಬಿಬಿಎಸ್‌ನಲ್ಲೇ ವಿಧಿವಿಜ್ಞಾನ ವೈದ್ಯಶಾಸ್ತ್ರ ಒಂದು ವಿಷಯ. ಜೊತೆಗೆ 2019ರ ತಂಡದಿಂದ ಎಟ್‌ಕಾಂ ಎಂಬ ಪಾಠಗಳು ಸೇರಿವೆ: ವೈದ್ಯರ ನಡವಳಿಕೆ, ನೀತಿ, ರೋಗಿಯೊಡನೆ ಮಾತು. ಹಲವು ವಿದ್ಯಾರ್ಥಿಗಳು ಇದನ್ನು ಹಾಜರಿಗಾಗಿ ಕೂರುವ ತರಗತಿ ಎಂದುಕೊಳ್ಳುತ್ತಾರೆ. ಅದರ ಬೆಲೆ ಗೊತ್ತಾಗುವುದು ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ರಾತ್ರಿ ಡ್ಯೂಟಿಯಲ್ಲಿ ಇರುವಾಗ.

ರೋಣದಲ್ಲೋ ಹಾನಗಲ್ಲಿನಲ್ಲೋ ಹೊಡೆದಾಟದ ಗಾಯಾಳು ಬಂದರೆ ಗಾಯದ ಪ್ರಮಾಣಪತ್ರ ಬರೆಯುವವರು ಎಂಬಿಬಿಎಸ್ ವೈದ್ಯರೇ. ಗಾಯದ ಉದ್ದ, ಅಗಲ, ಆಳ, ದೇಹದ ಯಾವ ಗುರುತಿನಿಂದ ಎಷ್ಟು ದೂರ, ಬಣ್ಣ, ಅಂಚು, ಇಷ್ಟೂ ಬೇಕು. "ತಲೆಗೆ ಪೆಟ್ಟು" ಎಂದು ಬರೆದು ಮುಗಿಸಿದರೆ ಎರಡು ವರ್ಷದ ನಂತರ ಸಮನ್ಸ್ ಬಂದು ಪಾಟೀ ಸವಾಲಿಗೆ ನಿಂತಾಗ ಹೇಳಲು ಏನೂ ಉಳಿದಿರುವುದಿಲ್ಲ. ಸುಟ್ಟಗಾಯದ ರೋಗಿಯ ಮರಣಕಾಲದ ಹೇಳಿಕೆ ಪಡೆಯುವಾಗ ರೋಗಿ ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದರು ಎಂದು ಹೊತ್ತು ಹಾಕಿ ಬರೆಯಬೇಕು. ಅತ್ಯಾಚಾರದ ಸಂತ್ರಸ್ತೆಯ ಪರೀಕ್ಷಾ ವರದಿಯನ್ನು ಏಳು ದಿನದೊಳಗೆ ತನಿಖಾಧಿಕಾರಿಗೆ ಕಳಿಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಂ ಹೇಳುತ್ತದೆ. ಇವೆಲ್ಲ ಎಂಬಿಬಿಎಸ್‌ನ ಪಾಠದಲ್ಲೇ ಬರುವ ವೈದ್ಯಕೀಯ ಕಾನೂನು.

ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂಡಿ ಇದೆ: ನೀಟ್ ಪಿಜಿ ಬರೆದು 3 ವರ್ಷ. ಅಂಕಪಟ್ಟಿಯಲ್ಲಿ ಹಿಂದೆ ಬಿದ್ದವರು ತೆಗೆದುಕೊಳ್ಳುವ ಸೀಟು ಎಂಬ ತಾತ್ಸಾರ ಇದರ ಬಗ್ಗೆ ಇದೆ. ಅದು ತಪ್ಪು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ವೈದ್ಯರ ಮೇಲೆ ನಿರ್ಲಕ್ಷ್ಯದ ಕ್ರಿಮಿನಲ್ ದೂರು ಬಂದರೆ ತನಿಖಾಧಿಕಾರಿ ಮುಂದುವರಿಯುವ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು, ಸರ್ಕಾರಿ ಸೇವೆಯ ವೈದ್ಯರದಾದರೆ ಒಳಿತು. ಅಂಥ ಅಭಿಪ್ರಾಯವನ್ನು ನ್ಯಾಯಯುತವಾಗಿ, ರೋಗಿಯ ಕಡೆಗೂ ವೈದ್ಯರ ಕಡೆಗೂ ವಾಲದೆ ಬರೆಯಬಲ್ಲವರು ನಮ್ಮ ಜಿಲ್ಲೆಗಳಿಗೆ ಬೇಕು.

ಮನೋರೋಗ ಚಿಕಿತ್ಸೆಯ ಕಡೆ ಒಲವಿದ್ದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಒಪ್ಪಿಗೆ, ಮುಂದೆ ಯಾವ ಚಿಕಿತ್ಸೆ ಬೇಕು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನ, ದಾಖಲಾತಿಯ ಪುನರ್ವಿಮರ್ಶೆ ಇವನ್ನೆಲ್ಲ ಬದಲಿಸಿದೆ. ಕಾನೂನು ಮತ್ತು ನೀತಿ ದಿನವೂ ಎದುರಾಗುವ ವಿಭಾಗ ಇದು.

ನೀತಿಶಾಸ್ತ್ರವನ್ನೇ ಓದುವವರು

ಕಾನೂನು ಯಾವುದು ಶಿಕ್ಷಾರ್ಹ ಎನ್ನುತ್ತದೆ. ಅದಕ್ಕಿಂತ ಮುಂದೆ ಹೋಗಿ ಯಾವುದು ಸರಿ ಎಂದು ಕೇಳುವವರಿಗೆ ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಕೇಂದ್ರದಲ್ಲಿ ಜೈವಿಕ ಮತ್ತು ವೈದ್ಯಕೀಯ ನೀತಿಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾ ಇದೆ. ವಕೀಲರಿಗಿಂತ ಬೋಧಕರಿಗೆ, ಸಂಶೋಧಕರಿಗೆ, ಎಥಿಕ್ಸ್ ಕಮಿಟಿಯಲ್ಲಿ ಇರುವವರಿಗೆ ಇದು ಹೆಚ್ಚು ಒದಗುತ್ತದೆ.

ಎಥಿಕ್ಸ್ ಕಮಿಟಿ ಎಂದರೇನೆಂದು ಗೊತ್ತಿಲ್ಲದವರಿಗೆ: 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಮನುಷ್ಯರ ಮೇಲೆ ಔಷಧ ಪ್ರಯೋಗ ಮಾಡಲು ಕಡೆಯಪಕ್ಷ 7 ಜನರ ಸಮಿತಿಯ ಅನುಮತಿ ಬೇಕು. ಅದರಲ್ಲಿ ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಇರಲೇಬೇಕು. ಸಮಾಜ ವಿಜ್ಞಾನಿಯೋ ನೀತಿಶಾಸ್ತ್ರಜ್ಞರೋ ಒಬ್ಬರು ಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಹುಬ್ಬಳ್ಳಿ ಧಾರವಾಡದ ವಕೀಲರಿಗೆ ಇದು ತೆರೆದ ಬಾಗಿಲು. ಆದರೆ ಈ ಕುರ್ಚಿಯಲ್ಲಿ ಕೂತು ತಿಳಿವಳಿಕೆ ಪತ್ರದ ಕನ್ನಡ ಪ್ರತಿಯನ್ನು ಓದದೆ ಸಹಿ ಹಾಕಿದರೆ ಆ ಸ್ಥಾನಕ್ಕೆ ಅರ್ಥವಿಲ್ಲ. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಪತ್ರಗಳಲ್ಲಿ "ಪ್ಲಸೀಬೊ ಗುಂಪಿಗೆ ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಎಂಬಂಥ ವಾಕ್ಯ ಇರುತ್ತದೆ. "ಚೀಟಿ ಎತ್ತಿದ ಹಾಗೆ ಆರಿಸುತ್ತೇವೆ, ನಿಮಗೆ ಔಷಧವಿಲ್ಲದ ಗುಳಿಗೆ ಬರಬಹುದು" ಎಂದು ಬರೆದರೆ ನವಲಗುಂದದ ರೈತನಿಗೂ ತಿಳಿಯುತ್ತದೆ. ಈ ಒಂದು ತಿದ್ದುಪಡಿಗಾಗಿ ಸಭೆಯಲ್ಲಿ ಪಟ್ಟು ಹಿಡಿಯುವ ಸದಸ್ಯರನ್ನು ತಯಾರು ಮಾಡುವ ಓದು ಒಳ್ಳೆಯ ಓದು.

ಬದುಕಿನ ಕೊನೆಯ ಘಟ್ಟದ ಪ್ರಶ್ನೆಗಳೂ ಇಲ್ಲಿಯವೇ. 2018ರ ಕಾಮನ್ ಕಾಸ್ ತೀರ್ಪು, ಅದನ್ನು ಸರಳಗೊಳಿಸಿದ 2023ರ ಆದೇಶ, ಅದರಂತೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಆದೇಶ, ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿಸದ ಕೋರ್ಸು ಹಳೆಯದಾಗಿದೆ ಎಂದು ತಿಳಿಯಿರಿ.

ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್‌ಎಲ್‌ಬಿ ಇಲ್ಲದವರಿಗೆ ಅದು ಸಿಗದು. ಇದ್ದವರು ಬೋಧನೆಗೆ ಹೋಗುವುದಾದರೆ ಸರಿ, ಪ್ರಬಂಧದ ವಿಷಯವಾಗಿ ವೈದ್ಯಕೀಯ ನಿರ್ಲಕ್ಷ್ಯವನ್ನೋ ಒಪ್ಪಿಗೆಯನ್ನೋ ಆರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಂಥ ಕಡೆ ಈ ವಿಷಯಕ್ಕೇ ಮೀಸಲಾದ ಸ್ನಾತಕೋತ್ತರ ಓದು ಇದೆ. ಅಲ್ಲಿ ಓದುವವರು ನೆನಪಿಡಬೇಕಾದದ್ದು, ಇಂಗ್ಲೆಂಡಿನ ಕಾನೂನು 2015ರ ಮಾಂಟ್ಗೋಮರಿ ತೀರ್ಪಿನಿಂದ ರೋಗಿಗೆ ಯಾವ ಮಾಹಿತಿ ಮುಖ್ಯವೋ ಅದನ್ನು ಹೇಳಬೇಕು ಎಂಬ ಕಡೆ ತಿರುಗಿದೆ. ನಮ್ಮ ಸಮೀರಾ ಕೊಹ್ಲಿ ತೀರ್ಪು ವೈದ್ಯ ಸಮುದಾಯ ಒಪ್ಪಿದ ರೂಢಿಯ ಅಳತೆಗೆ ಹತ್ತಿರ. ಅಲ್ಲಿ ಕಲಿತದ್ದನ್ನು ಹಾಗೇ ಇಲ್ಲಿ ವಾದಿಸಿದರೆ ನಡೆಯದು.

ಯಾರು ಎತ್ತ ಹೋಗಬೇಕು

ಹಾವೇರಿಯಲ್ಲಿ ವಿಜ್ಞಾನ ಪಿಯುಸಿ ಓದುತ್ತಿರುವ ಹುಡುಗಿಗೆ ಎರಡರಲ್ಲೂ ಆಸಕ್ತಿ ಇದ್ದು ನೀಟ್‌ನಲ್ಲಿ ಸೀಟು ಸಿಕ್ಕರೆ ಎಂಬಿಬಿಎಸ್‌ಗೆ ಹೋಗಲಿ, ಕಾನೂನು ಆಮೇಲೂ ಸೇರುತ್ತದೆ. ವೈದ್ಯರು ಕಾನೂನು ಕಲಿಯಬಹುದು, ವಕೀಲರು ಮುಂದೆಂದೋ ಎಂಬಿಬಿಎಸ್ ಮಾಡುವುದು ಕಷ್ಟ. ಸೀಟು ಸಿಗದಿದ್ದರೆ ನೀಟ್‌ಗಾಗಿ ಮೂರನೆಯ ಸಲ ಕೂರುವ ಬದಲು 5 ವರ್ಷದ ಕಾನೂನು ಕೋರ್ಸನ್ನು ಗಟ್ಟಿ ಮನಸ್ಸಿನಿಂದ ಹಿಡಿಯಲಿ. ಜೀವಶಾಸ್ತ್ರ ಓದಿದ ವಕೀಲರಿಗೆ ಕೇಸ್ ಶೀಟು ಬೇಗ ಅರ್ಥವಾಗುತ್ತದೆ.

ಖಾಸಗಿ ಆಸ್ಪತ್ರೆಯ ಬಿಎಸ್ಸಿ ನರ್ಸ್‌ಗೆ ಡಿಪ್ಲೊಮಾ ಸರಿ. ವಾರ್ಡಿನಿಂದ ಗುಣಮಟ್ಟ ವಿಭಾಗಕ್ಕೋ ದಾಖಲೆ ವಿಭಾಗಕ್ಕೋ ಹೋಗಲು ಅದು ನೆರವಾಗುತ್ತದೆ. ಅಲ್ಲಿ ಮೊದಲ ದಿನದಿಂದ ಬೇಕಾಗುವ ನಿಯಮಗಳು ಇವು: ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಬಿಲ್ ಬಾಕಿ ಇದೆಯೆಂದು ಶವವನ್ನು ತಡೆಹಿಡಿಯುವುದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ವಿರುದ್ಧ. ಪ್ರತಿ ಕೇಳಿದ ಅರ್ಜಿಗೆ ದಿನಾಂಕ ಹಾಕಿ ಮುದ್ರೆ ಒತ್ತದೆ ಇಟ್ಟುಕೊಂಡರೆ 72 ಗಂಟೆ ಎಲ್ಲಿಂದ ಶುರುವಾಯಿತು ಎಂಬ ಜಗಳವೇ ಮುಂದೆ ದೂರಾಗುತ್ತದೆ.

ಧಾರವಾಡದಲ್ಲಿ ಐದು ವರ್ಷ ವಕೀಲಿಕೆ ಮಾಡಿದವರಿಗೂ ಡಿಪ್ಲೊಮಾ ಒಳ್ಳೆಯದು, ಎಲ್‌ಎಲ್‌ಎಂಗಿಂತ ಹೆಚ್ಚು ಕೈಗೆ ಬರುತ್ತದೆ. ವೃತ್ತಿಯಲ್ಲಿರುವ ವೈದ್ಯರಿಗೂ ಅದೇ. ನಿವೃತ್ತಿಗೆ ಹತ್ತಿರವಿರುವ ವೈದ್ಯರು ಕ್ಲಿನಿಕ್ ಮುಚ್ಚಿ ಕರಿಕೋಟು ಹಾಕುವ ಮನಸ್ಸಿದ್ದರೆ ಮಾತ್ರ ಎಲ್‌ಎಲ್‌ಬಿಗೆ ಬರಲಿ.

ಹಣ ಕಟ್ಟುವ ಮುನ್ನ

ಕೋರ್ಸಿನ ಪಾಠಪಟ್ಟಿ ತರಿಸಿ ಎರಡು ಕಡೆ ಬೆರಳಿಟ್ಟು ನೋಡಿ. ಮೊದಲನೆಯದು ಕ್ರಿಮಿನಲ್ ಕಾನೂನು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಯಲ್ಲಿವೆ. ಅಜಾಗರೂಕತೆಯಿಂದ ಸಾವಿಗೆ ಕಾರಣವಾಗುವ ಅಪರಾಧದ ಕಲಂ, ಹಳೆಯ ದಂಡ ಸಂಹಿತೆಯ 304ಎ, ಈಗ ನ್ಯಾಯ ಸಂಹಿತೆಯ 106(1). ಸಾಮಾನ್ಯರಿಗೆ 5 ವರ್ಷದ ತನಕ ಸಜೆ, ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದಾದ ತಪ್ಪಿಗೆ 2 ವರ್ಷದ ತನಕ. ಪಾಠಪಟ್ಟಿಯಲ್ಲಿ ಇನ್ನೂ 304ಎ ಮಾತ್ರ ಇದ್ದರೆ ಕಲಿಸುವವರು ಪುಸ್ತಕ ತಿರುವಿಲ್ಲ ಎಂದರ್ಥ. ಆದರೆ ಅದಕ್ಕೂ ಹಿಂದೆ ನಡೆದ ಘಟನೆಗಳಿಗೆ ಹಳೆಯ ಕಲಮುಗಳೇ ಅನ್ವಯ, ಹಾಗಾಗಿ ಎರಡನ್ನೂ ಕಲಿಸುವ ಕಡೆ ಸೇರಿ.

ಎರಡನೆಯದು ವೈದ್ಯರ ನಡತೆ ನಿಯಮ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿ ಹೊರಡಿಸಿ ಅದೇ ತಿಂಗಳ 23ರಂದು ತಡೆಹಿಡಿಯಿತು, ಮತ್ತೆ 2002ರ ನಿಯಮಾವಳಿಗೇ ಮರಳಿತು. ಮಾರುಕಟ್ಟೆಯ ಹಲವು ನೋಟ್ಸುಗಳು 2023ರದ್ದೇ ನಡೆಯುತ್ತಿದೆ ಎಂಬಂತೆ ಬರೆದಿವೆ. ಅದನ್ನು ನಂಬಿ ಆಸ್ಪತ್ರೆಗೆ ಸಲಹೆ ಕೊಟ್ಟರೆ ತಪ್ಪು ಸಲಹೆ ಕೊಟ್ಟಂತೆ.

ಇನ್ನು, ಈ ವಿಷಯ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಖರ್ಚಿಲ್ಲದ ಒಂದು ಉಪಾಯ. ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ವಾರಕ್ಕೆ ಒಂದು ದಿನದಂತೆ ನಾಲ್ಕು ವಾರ ಹೋಗಿ, ಹಿಂದೆ ಸುಮ್ಮನೆ ಕೂತು ಕೇಳಿ. ವೈದ್ಯಕೀಯ ಪ್ರಕರಣ ಯಾವ ದಿನ ಇದೆ ಎಂದು ಹಿಂದಿನ ದಿನ ಕೇಸುಗಳ ಪಟ್ಟಿ ನೋಡಿಕೊಳ್ಳಿ. ಫಿರ್ಯಾದುದಾರರ ಕಡೆಯವರು ಏನು ಹೇಳಿದರು, ಆಸ್ಪತ್ರೆ ಯಾವ ದಾಖಲೆ ತೋರಿಸಿತು, ಯಾವ ದಾಖಲೆ ಇರಲಿಲ್ಲ ಎಂದು ಮೂರು ಸಾಲಿನಲ್ಲಿ ಬರೆದಿಡಿ. ನಾಲ್ಕನೆಯ ವಾರ ಆ ಟಿಪ್ಪಣಿಯನ್ನು ಮತ್ತೆ ತೆಗೆದು ನೋಡಿ. ಕಾನೂನಿನ ವಾದದ ಬಗ್ಗೆ ಹೆಚ್ಚು ಬರೆದಿದ್ದರೆ ಎಲ್‌ಎಲ್‌ಬಿ, ದಾಖಲೆಯ ಲೋಪಗಳ ಬಗ್ಗೆ ಬರೆದಿದ್ದರೆ ಡಿಪ್ಲೊಮಾ, ಗಾಯ ಮತ್ತು ಕಾಯಿಲೆಯ ಬಗ್ಗೆ ಬರೆದಿದ್ದರೆ ಮತ್ತು ನೀವು ವೈದ್ಯರಾಗಿದ್ದರೆ ಫೊರೆನ್ಸಿಕ್, ಆ ಮನೆಯವರಿಗೆ ಯಾರೂ ಏನೂ ಬಿಡಿಸಿ ಹೇಳಲಿಲ್ಲವಲ್ಲ ಎಂದು ಬರೆದಿದ್ದರೆ ನೀತಿಶಾಸ್ತ್ರ.